ಸಿಂಗಾಪುರದಿಂದ ಮುಂದಿನ ಹತ್ತು ತಾಸು

ಬಮ್ಮಿಗಟ್ಟಿಯಲ್ಲಿ ಎತ್ತು ಕೊಳ್ಳುವವರು ಸಂತೆಯಲ್ಲಿ ಹಲ್ಲು ನೋಡಿ, ಬೆನ್ನು ತಟ್ಟಿ, ಸುಮ್ಮನೆ ಹಿಡಿದುಕೊಂಡು ಬರುವುದಿಲ್ಲ. ಒಂದು ದಿನದ ಮಟ್ಟಿಗೆ ತಂದು ತಮ್ಮ ಹೊಲದಲ್ಲಿ, ತಮ್ಮ ನೊಗಕ್ಕೆ ಹೂಡಿ ನೋಡುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಮಲಗಿಬಿಟ್ಟಿತೋ, ಸಂಜೆಗೆ ವಾಪಸು. ಮಹಾದೇವಕ್ಕನ ಗಂಡ ಬದುಕಿರುವ ತನಕ ಹೂಡಿ ನೋಡದೆ ಒಂದೂ ಎತ್ತನ್ನು ಗೋದಲಿಗೆ ಕಟ್ಟಿದವನಲ್ಲ. ಈಗ ಮನೆಯಲ್ಲಿ ಎತ್ತಿಲ್ಲ, ಟ್ರ್ಯಾಕ್ಟರ್ ಇದೆ. ಆದರೆ ಆ ನ್ಯಾಯ ಮಹಾದೇವಕ್ಕನ ತಲೆಯಲ್ಲಿ ಹಾಗೆಯೇ ಉಳಿದಿದೆ. ಅದಕ್ಕೇ, ಸೊಸೆ ಸುನಿತಾ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ನ್ಯೂಜಿಲೆಂಡಿಗೆ ಹೋಗಿಬರುತ್ತೇವೆ ಎಂದಾಗ ಆಕೆ ಬೇಡ ಎನ್ನಲಿಲ್ಲ.

“ಹೂಡಿ ನೋಡೂಣು,” ಅಂದಳು.

ಸುನಿತಾಳ ತಂಗಿ ಮಲ್ಲಿಕಾ ಆ ದೇಶದಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ನರ್ಸು. ಅವಳ ಗಂಡ ಫಕೀರೇಶ ಆರುನೂರು ಆಕಳುಗಳ ಒಂದು ಫಾರ್ಮಿನಲ್ಲಿ ಹಾಲು ಹಿಂಡುವ ಕೆಲಸಕ್ಕಿದ್ದಾನೆ. ಆರುನೂರು ಆಕಳು ಎಂದು ಕೇಳಿ ಊರಿನವರು ಮೊದಲು ಕೇಳಿದ್ದು ಹಾಲಿನ ಸುದ್ದಿಯನ್ನಲ್ಲ, ಅಷ್ಟು ಸಗಣಿ ಏನು ಮಾಡುತ್ತಾರೆ ಎಂದು. ಮಲ್ಲಿಕಾ ಊರಿಗೆ ಬಂದು ಹೋಗಿ ಐದು ವರ್ಷವಾಗಿತ್ತು. ಆಗ ಅಕ್ಕನ ಮಗಳು ಮುಕ್ತಾ ಕೈಗೂಸು. ಮಗ ಶಂಭು ಹುಟ್ಟೇ ಇರಲಿಲ್ಲ.

“ಏಪ್ರಿಲ್ ಸೂಟಿಯೊಳಗ ಬಾ ಅಕ್ಕಾ,” ಎಂದು ಮಲ್ಲಿಕಾ ಫೋನಿನಲ್ಲಿ ಹೇಳಿದ್ದಳು. “ನಾ ಹತ್ತು ದಿನ ರಜಾ ಹಾಕೀನಿ. ಒಳಗ ಹಾಸಿಗಿ, ಒಲಿ ಎಲ್ಲಾ ಇರೋ ವ್ಯಾನು ಬಾಡಿಗಿಗೆ ಸಿಗತೈತಿ. ಗುಡ್ಡ, ಕೆರಿ, ಸಮುದ್ರ, ಎಲ್ಲಾ ನೋಡಕೋತ ಹೋಗೂಣು. ಖರೇ ಅಂದ್ರ ಇಬ್ಬರು ಡ್ರೈವರ್ ಬೇಕು. ಇವರಿಗೆ ಆಕಳು ರಜಾ ಕೊಡಂಗಿಲ್ಲ. ಪ್ರಭು ಮಾಮಾರು ಬರ್ತಾರಲ್ಲ? ರವಿವಾರ ಸಂಜೀ ಒಳಗ ಹೇಳಿಬಿಡು. ಆಮ್ಯಾಲ ವಿಮಾನದಾಗ ನಾಲ್ಕು ಸೀಟು ಬಾಜುಬಾಜು ಸಿಗಂಗಿಲ್ಲ.”

ಸುನಿತಾ ಕಲಘಟಗಿಯ ಸಾಲೆಯಲ್ಲಿ ಒಂದನೆಯ ತರಗತಿಯ ಮಾಸ್ತರಣಿ. ಮದುವೆಯಾಗಿ ಎಂಟು ವರ್ಷದಲ್ಲಿ ಆಕೆ ಈ ಮನೆಯಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಅದು ಮಹಾದೇವಕ್ಕನಿಗೂ ಗೊತ್ತಿತ್ತು. ಆದರೆ ದೀಪಾವಳಿ ಮುಗಿದ ಮೇಲೆ ಅಳ್ನಾವರದ ಲಗ್ನಕ್ಕೆ ಕಾರಿನಲ್ಲಿ ಹೋದದ್ದನ್ನು ಆಕೆ ಮರೆತಿರಲಿಲ್ಲ.

“ಹೋಗೂಮುಂದ ಎರಡು ಸಲ, ಬರೂಮುಂದ ಮೂರು ಸಲ. ಹೊಟ್ಟ್ಯಾಗಿಂದೆಲ್ಲಾ ತಂದು ನನ್ನ ಉಡ್ಯಾಗ ಹಾಕಿದ್ವು. ವಿಮಾನದಾಗ ಯಾರ ಉಡ್ಯಾಗ ಹಾಕ್ತಾವ? ಮಂದಿ ಏನಂದಾರು?”

ಕರಾರು ಹೀಗಿತ್ತು: ಬೆಂಗಳೂರಿನಿಂದ ಸಿಂಗಾಪುರದ ತನಕ ರಾತ್ರಿಯ ಪ್ರಯಾಣ, ಮಕ್ಕಳು ಮಲಗಿರುತ್ತವೆ, ಅದನ್ನು ಮಹಾದೇವಕ್ಕ ಮಾಫಿ ಮಾಡಿದಳು. ಸಿಂಗಾಪುರದಿಂದ ಮುಂದೆ ಹತ್ತು ತಾಸು. ಆ ಹತ್ತು ತಾಸು ರವಿವಾರ ಬೆಳಗಿನ ಐದರಿಂದ ಮಧ್ಯಾಹ್ನ ಮೂರರ ತನಕ ಇಡೀ ಸಂಸಾರ ಪಡಸಾಲೆಯಲ್ಲಿ ಖುರ್ಚಿ ಬಿಟ್ಟು ಏಳದೆ ಕೂತು ತೋರಿಸಬೇಕು. ಇಳಿದ ಕೂಡಲೇ ಕಾರು ಹತ್ತಿ ಅಳ್ನಾವರಕ್ಕೆ ಹೋಗಿ ಬರಬೇಕು.

“ಇದರಾಗ ಪಾಸಾದ್ರ ನಂದೇನೂ ತಕರಾರಿಲ್ಲ. ಇಲ್ಲಂದ್ರ ನೀವಿಬ್ರ ಹೋಗಿ ಬರ್ರಿ, ಹುಡುಗ್ರು ನನ್ನ ಹಂತ್ಯಾಕ ಇರ್ಲಿ.”

ಮಕ್ಕಳನ್ನು ಬಿಟ್ಟು ಸುನಿತಾ ಹೋಗುವವಳಲ್ಲ ಎನ್ನುವುದು ಕೇಳಿದವಳಿಗೂ ಗೊತ್ತಿತ್ತು, ಹೇಳಿದವಳಿಗೂ ಗೊತ್ತಿತ್ತು.

ಮಗ ಪ್ರಭು ನಕ್ಕುಬಿಟ್ಟ. “ಇಷ್ಟ ಏನಬೇ ಯವ್ವಾ? ಟ್ರ್ಯಾಕ್ಟರ್ ಮ್ಯಾಲ ಒಂದ ಸವನ ಹದಿನಾರು ತಾಸು ಕುಂತಾಂವ ನಾನು.”

“ಟ್ರ್ಯಾಕ್ಟರ್ ಮುಂದ ಹೋಗತೈತಿ, ಅದಕ್ಕ ಕುಂದರ್ತೀ,” ಎಂದಳು ತಾಯಿ. ಅದರ ಅರ್ಥ ಆಗ ಯಾರಿಗೂ ಆಗಲಿಲ್ಲ.

ಶನಿವಾರ ಸಂಜೆ ಪಕ್ಕದ ಮನೆಯ ರಾಜಮಾಬಿಯನ್ನು ಕರೆಸಲಾಯಿತು. ಆ ಓಣಿಯಲ್ಲಿ ವಿಮಾನದಲ್ಲಿ ಕೂತು ಬಂದ ಹೆಂಗಸು ಅವಳೊಬ್ಬಳೇ. ಎರಡು ವರ್ಷದ ಹಿಂದೆ ಮಗ ಅಕೀಲನ ಜೊತೆ ಹಜ್ ಯಾತ್ರೆ ಮಾಡಿ ಬಂದಿದ್ದಳು. ಯಾತ್ರೆಯ ಬಗ್ಗೆ ಕೇಳಿದರೆ ಅವಳಿಗೆ ಕಣ್ಣು ತುಂಬಿ ಮಾತು ನಿಲ್ಲುತ್ತಿತ್ತು. ವಿಮಾನದ ಬಗ್ಗೆ ಕೇಳಿದರೆ ನಿಲ್ಲುತ್ತಿರಲಿಲ್ಲ. ಆಕೆ ಪಡಸಾಲೆಗೆ ಬಂದು, ಕಿಟಕಿಯ ಪಕ್ಕ ಸಾಲಾಗಿ ಇಟ್ಟಿದ್ದ ನಾಲ್ಕು ಪ್ಲಾಸ್ಟಿಕ್ ಖುರ್ಚಿಗಳನ್ನು ನೋಡಿ ತಲೆ ಅಲ್ಲಾಡಿಸಿದಳು.

“ಇಷ್ಟು ಸಲೀಸು ಇರಂಗಿಲ್ಲ ಮಾದೇವಕ್ಕಾ. ಮೊಣಕಾಲಿಗೆ ಮುಂದಿನ ಖುರ್ಚಿ ಬಡೀಬೇಕು.”

ಪ್ರಭು ಜೋಳದ ಚೀಲಗಳನ್ನು ಎಳೆದು ತಂದು ಖುರ್ಚಿಗಳ ಮುಂದೆ ಒಟ್ಟಿದ. ರಾಜಮಾಬಿ ತಾನೇ ಕೂತು ನೋಡಿ, ಇನ್ನೊಂದು ಗೇಣು ಹತ್ತಿರ ಸರಿಸಿದಳು. ಬಚ್ಚಲಿಗೆ ಹೋಗುವ ದಾರಿಯ ಎರಡೂ ಕಡೆ ಮತ್ತೆ ಚೀಲ ಇಡಿಸಿ, ಒಬ್ಬರು ಅಡ್ಡಡ್ಡ ನಡೆದರಷ್ಟೇ ಹಾಯುವಂತೆ ಮಾಡಿದಳು. ನಡುವಿಗೆ ಕಟ್ಟುವ ಪಟ್ಟಿಗೆ ನಾಲ್ಕು ಟವೆಲ್ಲು. ಫೋನು ಬಂದ್. ಬಾಗಿಲು ಹಾಕಿದ ಮೇಲೆ ಯಾರೂ ಒಳಗಿಲ್ಲ, ಯಾರೂ ಹೊರಗಿಲ್ಲ. ಊಟ ಎರಡೇ ಸಲ, ಸಣ್ಣ ಡಬ್ಬಿಯಲ್ಲಿ ಉಪ್ಪಿಟ್ಟು.

“ಬಿಸಿದು ಕೊಡಂಗಿಲ್ಲೇನ?” ಎಂದು ಮಹಾದೇವಕ್ಕ ಕೇಳಿದಳು.

“ಬಿಸಿ ಇದ್ರ ರುಚಿ ಇರಂಗಿಲ್ಲ, ರುಚಿ ಇದ್ರ ಬಿಸಿ ಇರಂಗಿಲ್ಲ. ಎರಡೂ ಕೂಡಿ ಬರಂಗಿಲ್ಲ ಮುಗಿಲಾಗ.”

ಸುನಿತಾ ಈ ಮಾತುಕತೆಯಲ್ಲಿ ಸೇರಲಿಲ್ಲ. ಒಳಗಿನ ಕೋಣೆಯಲ್ಲಿ ಒಂದು ಬಟ್ಟೆಯ ಚೀಲಕ್ಕೆ ಸಣ್ಣ ಸಣ್ಣ ಗಂಟುಗಳನ್ನು ಇಳಿಸುತ್ತಿದ್ದಳು. ಎಣಿಸಿ ಮೂವತ್ತು. ಇಪ್ಪತ್ತು ನಿಮಿಷಕ್ಕೊಂದರಂತೆ ಹತ್ತು ತಾಸಿಗೆ. ಒಂದನೆಯ ತರಗತಿಯ ನಲವತ್ತು ಹುಡುಗರನ್ನು ವರ್ಷವಿಡೀ ಕೂರಿಸಿಕೊಂಡವಳಿಗೆ ಹುಡುಗರ ಗಮನ ಎಷ್ಟು ಹೊತ್ತಿಗೆ ಹರಿಯುತ್ತದೆ ಎಂಬ ಲೆಕ್ಕ ತಿಳಿದಿತ್ತು.

ರವಿವಾರ ಬೆಳಗಿನ ಐದಕ್ಕೆ ರಾಜಮಾಬಿ ಬಾಗಿಲಲ್ಲಿ ನಿಂತು ಹಾಜರಿ ಹಿಡಿದಳು. ಎರಡೂವರೆ ವರ್ಷದ ಶಂಭು ತಾಯಿಯ ಹೆಗಲ ಮೇಲೆ ನಿದ್ದೆಯಲ್ಲಿದ್ದ.

“ಇಂವ ಯಾರು?”

“ನಮ್ಮ ಮುದುಕಪ್ಪ,” ಎಂದಳು ಮಹಾದೇವಕ್ಕ. ಹುಡುಗನಿಗೆ ಇಟ್ಟದ್ದು ಅವನ ಅಜ್ಜ ಶಂಭುಲಿಂಗಪ್ಪನ ಹೆಸರು. ಗಂಡನ ಹೆಸರನ್ನು ಬಾಯಲ್ಲಿ ಆಡದ ಮಹಾದೇವಕ್ಕ ಮೊಮ್ಮಗನನ್ನು ಹುಟ್ಟಿದಂದಿನಿಂದ ಮುದುಕಪ್ಪ ಎಂದೇ ಕರೆಯುತ್ತಿದ್ದಳು.

“ಪಾಸ್‌ಪೋರ್ಟಿನ್ಯಾಗ ಮುದುಕಪ್ಪ ಅಂತ ಇರಂಗಿಲ್ಲ. ಖರೇ ಹೆಸರು ಹೇಳು, ಇಲ್ಲಂದ್ರ ಬಿಡಂಗಿಲ್ಲ.”

“ನನ್ನ ಬಾಯಿ ಬಿಡಸಬ್ಯಾಡ ರಾಜಮಾ. ಗೊತ್ತಿಲ್ಲೇನ ನಿನಗ, ಮೂವತ್ತು ವರ್ಷ ಬಾಜು ಮನ್ಯಾಗ ಇದ್ದೀ.”

ಐದು ವರ್ಷದ ಮುಕ್ತಾ ತಮ್ಮನ ಪೂರ್ತಿ ಹೆಸರನ್ನು ಅಡ್ಡಹೆಸರಿನ ಸಮೇತ ಕೂಗಿ ಹೇಳಿದಳು. ರಾಜಮಾಬಿ ಬಾಗಿಲು ಹಾಕಿದಳು. ಮಹಾದೇವಕ್ಕ ನಡುಮನೆಯ ಹೊಸ್ತಿಲ ಮೇಲೆ ಕೂತಳು. ಆ ಹೊಸ್ತಿಲು ಬಮ್ಮಿಗಟ್ಟಿ, ಪಡಸಾಲೆ ಆಕಾಶ. ಆಕೆ ಈಚೆಗೆ ಕಾಲಿಡುವಂತಿಲ್ಲ ಎಂದು ರಾಜಮಾಬಿ ಹೇಳಿದ್ದಳು.

“ಹಾರಿತೇನವ್ವಾ?” ಎಂದು ಮುಕ್ತಾ ಕೇಳಿದಳು.

“ಹಾರಿತು.”

“ಮತ್ತ ಏನೂ ಆಗ್ಲೇ ಇಲ್ಲ?”

“ಖರೇ ವಿಮಾನದಾಗೂ ಏನೂ ಆಗಂಗಿಲ್ಲ ಬೇಟಿ,” ಎಂದಳು ರಾಜಮಾಬಿ. “ಅದ ಅದರ ತ್ರಾಸು.”

ಮೊದಲ ಎರಡು ತಾಸು ಶಂಭು ನಿದ್ದೆಯಲ್ಲೇ ಕಳೆದ. ಮುಕ್ತಾ ಬಣ್ಣದ ದಾರ ಸುತ್ತಿದಳು, ಹಳೆಯ ಕ್ಯಾಲೆಂಡರಿನ ಚಿತ್ರ ಕತ್ತರಿಸಿ ಅಂಟಿಸಿದಳು, ಕಿಟಕಿಯಾಚೆ ಬೆಳಕು ಹರಿಯುವುದನ್ನು ನೋಡಿದಳು. ಪ್ರಭು ಮಾತ್ರ ಅರ್ಧ ತಾಸಿಗೇ ಬಲಗಾಲನ್ನು ಎಡಕ್ಕೆ, ಎಡಗಾಲನ್ನು ಬಲಕ್ಕೆ ಹಾಕತೊಡಗಿದ್ದ. ಮುಂದಿನ ಜೋಳದ ಚೀಲಕ್ಕೆ ಮೊಣಕಾಲು ಒತ್ತಿ ಒತ್ತಿ ಚೀಲದಲ್ಲಿ ಎರಡು ತಗ್ಗು ಬಿದ್ದವು. ಏಳು ಗಂಟೆಗೆ ಅವನು ಬಚ್ಚಲಿಗೆ ಮೂರನೆಯ ಸಲ ಹೋಗಿಬಂದ.

“ಸಕ್ಕರಿ ಬ್ಯಾನಿ ಏನರ ಐತೇನಪಾ?” ಎಂದು ರಾಜಮಾಬಿ ಮೆತ್ತಗೆ ಕೇಳಿದಳು.

ಎಂಟರ ಸುಮಾರಿಗೆ ಸುದ್ದಿ ಓಣಿಯಲ್ಲಿ ಹಬ್ಬಿ, ಕಿಟಕಿಯ ಸರಳಿನಾಚೆ ಮುಖಗಳು ಕೂಡತೊಡಗಿದವು. ಹೊಲದ ಬದುವಿಗೆ ಬದು ಹೊಂದಿದ ಸಿದ್ಧಲಿಂಗ ಎಲ್ಲರನ್ನೂ ಸರಿಸಿ ಮುಂದೆ ಬಂದ.

“ಪ್ರಭು ಅದಾನೇನ್ರಿ?”

“ಇಲ್ಲ,” ಎಂದಳು ರಾಜಮಾಬಿ. “ಸಮುದ್ರದ ಮ್ಯಾಲ ಅದಾನ.”

“ಇಲ್ಲೇ ಕಾಣ್ತಾನಲ್ರಿ.”

“ಕಾಣೂದು ಬ್ಯಾರೆ, ಇರೂದು ಬ್ಯಾರೆ.”

“ಅವ್ವಾ,” ಎಂದಳು ಮುಕ್ತಾ, “ಮುಗಿಲಿನ್ಯಾಗ ಸಿದ್ಧಲಿಂಗ ಕಾಕಾ ಬಂದಾನ ನೋಡು.”

ಪ್ರಭು ಸರಳಿನ ಕಡೆ ವಾಲಿ ಕುತ್ತಿಗೆ ಉದ್ದ ಮಾಡಿದ. “ಲೇ ಸಿದ್ಧ್ಯಾ, ಇವತ್ತ ತ್ರೀ ಫೇಸ್ ಎಷ್ಟಕ್ಕಂತ?”

“ಹನ್ನೊಂದಕ್ಕಂತ. ನೀ ಏನ್ ಕಾಳಜಿ ಮಾಡಬ್ಯಾಡ, ನಾ ಅದೀನಿ. ನಿನ್ನ ಮೋಟರ್ ನಾನ ಚಾಲೂ ಮಾಡ್ತೀನಿ.”

ಈ ಮಾತು ಕೇಳಿದ ಮೇಲೆ ಪ್ರಭುವಿನ ಮುಖ ಇನ್ನೂ ಕೆಟ್ಟಿತು. ಬೋರಿನ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತದೆ. ಕಬ್ಬು ಒಣಗುವ ಫೆಬ್ರುವರಿಯಲ್ಲಿ ಆ ಹೊತ್ತು ತಪ್ಪಿದರೆ ಮರುದಿನದ ತನಕ ಕಾಯಬೇಕು. ಸಿದ್ಧಲಿಂಗ ಒಳ್ಳೆಯವನೇ, ಆದರೆ ಅವನ ಕೈಯಲ್ಲಿ ನೀರು ಬಿಟ್ಟರೆ ಅದು ಅವನ ಹೊಲದ ಕಡೆಗೇ ಇಳಿಜಾರು ಹುಡುಕುತ್ತಿತ್ತು.

ಒಂಬತ್ತೂವರೆಗೆ ಶಂಭುವಿನ ಪಾಳಿ ಬಂತು.

ಅವನು ಎದ್ದು, ಉಪ್ಪಿಟ್ಟು ತಿಂದು, ಹನ್ನೆರಡನೆಯ ಗಂಟಿನ ತನಕ ಆಡಿ ಮುಗಿಸಿದ್ದ. ಹಿತ್ತಲಲ್ಲಿ ಆಕಳಿನ ಕರು ಒದರಿತು. ಬೆಳಿಗ್ಗೆ ಅದರ ಕೊರಳು ಹಿಡಿದು ನಿಲ್ಲುವುದು ಅವನ ದಿನದ ಮೊದಲ ಕೆಲಸ. “ಕರಾ!” ಎಂದು ಟವೆಲ್ಲು ಬಿಚ್ಚಲು ಹೋದ. ಗಂಟು ಬಿಡಲಿಲ್ಲ. ಚೀರಿದ. ಕರು ಹಿತ್ತಲಿನಿಂದ ಉತ್ತರ ಕೊಟ್ಟಿತು. ಅವನು ಇನ್ನೂ ಜೋರಾಗಿ ಚೀರಿದ, ಅದು ಇನ್ನೂ ಜೋರಾಗಿ ಒದರಿತು. ಕಿಟಕಿಯಲ್ಲಿದ್ದವರಿಗೆ ಯಾವ ಕಡೆ ನೋಡಬೇಕೆಂದು ತಿಳಿಯಲಿಲ್ಲ. ಹುಡುಗ ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಮುಖ ಕೆಂಪಗೆ ಮಾಡಿಕೊಂಡು, ಉಸಿರು ಹಿಡಿದು ಅಳುತ್ತಿದ್ದ.

ಮಹಾದೇವಕ್ಕ ಹೊಸ್ತಿಲ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಿದ್ದಳು. ಮೂರು ಹೆಜ್ಜೆ ದೂರ. ತಾನಾಗಿದ್ದರೆ ಬಾಯಿಗೆ ಬೆಲ್ಲದ ಚೂರು ಹಾಕಿ, ನಡುವಿಗೆ ಎತ್ತಿಕೊಂಡು, ಕರುವಿನ ಹತ್ತಿರ ಒಯ್ಯುತ್ತಿದ್ದಳು. ಅಳುವ ಹುಡುಗನಿಗೆ ಬೇರೆ ಉಪಾಯ ಆಕೆಗೆ ಗೊತ್ತಿರಲಿಲ್ಲ.

“ಇದು ಫೇಲ್ ಏನ?” ಎಂದು ಯಾರೋ ಹೊರಗಿನಿಂದ ಕೇಳಿದರು.

“ಅಳೂದು ಫೇಲ್ ಅಲ್ಲ,” ಎಂದಳು ರಾಜಮಾಬಿ. “ನಮ್ಮ ವಿಮಾನದಾಗ ಇಳಿಯೂಮುಂದ ಗಡ್ಡದ ಗಂಡಸರ ಅತ್ತಾರ.”

ಸುನಿತಾ ಅತ್ತೆಯ ಕಡೆ ನೋಡಲಿಲ್ಲ. ಗದರಿಸಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಮಗನ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಿಂದ ಮುಂದಿನ ಗಂಟು ಬಿಚ್ಚಿದಳು. ಒಂದು ಖಾಲಿ ಬಾಟಲಿ, ಒಂದು ಹಿಡಿ ಹುಣಸೆ ಬೀಜ. ಅವಳು ಯಾರಿಗೂ ತೋರಿಸದೆ, ತನ್ನ ಪಾಡಿಗೆ ತಾನು ಆಡುವವಳಂತೆ ಒಂದು ಬೀಜವನ್ನು ಬಾಟಲಿಯೊಳಗೆ ಬಿಟ್ಟಳು. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಟಕ್. ಆರನೆಯ ಬೀಜಕ್ಕೆ ಶಂಭು ಒಂದು ಕಣ್ಣು ತೆರೆದ. ಒಂಬತ್ತನೆಯದಕ್ಕೆ ಅಳು ಬಿಕ್ಕಳಿಕೆಯಾಯಿತು. ಹನ್ನೊಂದನೆಯದನ್ನು ಅವನೇ ಕಸಿದುಕೊಂಡು ಹಾಕಿದ. ಬೀಜವೆಲ್ಲ ಮುಗಿದ ಮೇಲೆ ಬಾಟಲಿ ಬಗ್ಗಿಸಿ, ಸುರಿದು, ಮತ್ತೆ ಮೊದಲಿನಿಂದ. ಕರು ಇನ್ನೂ ಎರಡು ಸಲ ಕರೆದು, ಉತ್ತರ ಸಿಗದೆ ಸುಮ್ಮನಾಯಿತು.

ಮಹಾದೇವಕ್ಕ ಕೈಗಳನ್ನು ಹೊರಗೆ ತೆಗೆದಳು. ಆಮೇಲೆ ಬಹಳ ಹೊತ್ತು ಆಕೆ ಮೊಮ್ಮಗನನ್ನಲ್ಲ, ಸೊಸೆಯನ್ನು ನೋಡುತ್ತಿದ್ದಳು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಓಣಿಯ ತುದಿಯಿಂದ ಒಂದು ದನಿ ಬಂತು: “ಕರೆಂಟ್ ಬಂತೋ!”

ಆಮೇಲೆ ಆದದ್ದನ್ನು ಪ್ರಭು ಇವತ್ತಿಗೂ ಒಪ್ಪುವುದಿಲ್ಲ. ತಾನು ವಿಚಾರ ಮಾಡಿಯೇ ಎದ್ದೆ ಎನ್ನುತ್ತಾನೆ. ನೋಡಿದವರು ಹೇಳುವುದು ಬೇರೆ. ದನಿ ಕಿವಿಗೆ ಬಿದ್ದದ್ದೇ ಅವನು ಸ್ಪ್ರಿಂಗಿನಂತೆ ಎದ್ದ. ನಡುವಿಗೆ ಕಟ್ಟಿದ ಟವೆಲ್ಲು ಖುರ್ಚಿಯನ್ನು ಬಿಡಲಿಲ್ಲ. ಬೆನ್ನಿಗೆ ಖುರ್ಚಿಯನ್ನು ಹೊತ್ತುಕೊಂಡೇ ಜೋಳದ ಚೀಲ ಜಿಗಿದು, ಬಾಗಿಲು ತೆಗೆದು, ಕಟ್ಟೆ ಇಳಿದ. ಅಂಗಳದಲ್ಲಿ ಖುರ್ಚಿ ಕಳಚಿ ಬಿತ್ತು. ಬೈಕು ಚಾಲೂ ಆದ ಸಪ್ಪಳ ಕೇಳಿಸಿತು.

ಕಿಟಕಿಯ ಮಂದಿಯೆಲ್ಲ ಬೈಕಿನ ಕಡೆ ತಿರುಗಿದರು.

“ಯಾ ಅಲ್ಲಾ,” ಎಂದಳು ರಾಜಮಾಬಿ. “ನಟ್ಟನಡುವ ಸಮುದ್ರದಾಗ ಇಳದ.”

“ಅಪ್ಪಗ ಈಜಾಕ ಬರತೈತಿ,” ಎಂದು ಮುಕ್ತಾ ಎಲ್ಲರಿಗೂ ಸಮಾಧಾನ ಹೇಳಿದಳು.

ಹನ್ನೆರಡೂವರೆ ದಾಟಿದ ಮೇಲೆ ರಾಜಮಾಬಿ ನಮಾಜಿಗೆಂದು ಮನೆಗೆ ಹೋದಳು. ಹೋಗುವಾಗ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, ಮಹಾದೇವಕ್ಕನಿಗೆ ನಂಬಿಕೆಯಿಂದ ಕಣ್ಣು ಮಾಡಿ ಹೋದಳು. ಮಹಾದೇವಕ್ಕ ಅವಳ ಹೆಜ್ಜೆಯ ಸಪ್ಪಳ ನಿಲ್ಲುವ ತನಕ ಕಾದು, ಅಡುಗೆಮನೆಗೆ ಹೋಗಿ, ಹಿತ್ತಲಿನಿಂದ ಸುತ್ತು ಹಾಕಿ ಕಿಟಕಿಗೆ ಬಂದಳು. ಕೈಯಲ್ಲಿ ಬಿಸಿ ಬಿಸಿ ಚುರುಮುರಿ ಗಿರ್ಮಿಟ್ಟಿನ ತಾಟು, ಮೇಲೆ ಉಳ್ಳಾಗಡ್ಡಿ, ಪಕ್ಕದಲ್ಲಿ ಎರಡು ಮಿರ್ಚಿ ಭಜಿ.

“ತಗೋರಿ ಲಗೂನ. ಆ ಹಜ್ಜಿನಾಕಿ ಬರೂದರಾಗ ತಿಂದುಬಿಡ್ರಿ. ಮಕ್ಕಳು ಸೊರಗ್ಯಾವ.”

ಮುಕ್ತಾ ಕೈ ಚಾಚಿದಳು. ಸುನಿತಾ ಆ ಕೈಯನ್ನು ಹಿಡಿದುಕೊಂಡಳು.

“ಬ್ಯಾಡ್ರಿ ಅತ್ತಿ.”

“ಯಾಕ?”

“ಆಮ್ಯಾಲ ಪರೀಕ್ಷಾ ಸರಿ ಆಗ್ಲಿಲ್ಲ ಅಂತ ನೀವ ಅಂತೀರಿ.”

“ನಾ ಯಾಕ ಅನ್ಲಿ? ನಾನ ಕೊಡಾಕತ್ತೀನಲ್ಲ.”

“ಇವತ್ತ ಅನ್ನಂಗಿಲ್ರಿ. ಏಪ್ರಿಲ್ ಒಳಗ ಅಂತೀರಿ.”

ಮಹಾದೇವಕ್ಕ ತಾಟು ಹಿಡಿದುಕೊಂಡು ಸರಳಿನಾಚೆ ನಿಂತಳು. ಸೊಸೆ ತನ್ನನ್ನು ಇಷ್ಟು ಬರೋಬ್ಬರಿ ಓದಿಕೊಂಡಿದ್ದಾಳೆ ಎಂದು ಆಕೆಗೆ ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ, ಕಿಟಕಿಯ ಮಂದಿಗೆ ಗಿರ್ಮಿಟ್ಟು ಹಂಚಿ, ಮಿರ್ಚಿಯನ್ನು ತಾನೇ ತಿಂದಳು.

ಒಂದೂವರೆಗೆ ಪ್ರಭು ಬಂದ. ಮೊಣಕಾಲ ತನಕ ಕಪ್ಪು ಕೆಸರು. ಅಂಗಳದ ಖುರ್ಚಿಯನ್ನು ಎತ್ತಿಕೊಂಡು, ಏನೂ ಆಗದವನಂತೆ ಒಳಗೆ ಕಾಲಿಡಲು ಹೋದ. ಅಷ್ಟರಲ್ಲಿ ತಿರುಗಿ ಬಂದಿದ್ದ ರಾಜಮಾಬಿ ಬಾಗಿಲಿಗೆ ಅಡ್ಡ ಕೈ ಹಿಡಿದಳು.

“ಎಲ್ಲಿಗಪಾ?”

“ಪಾಯಖಾನಿಗೆ ಹೋಗಿದ್ನಿ ಬೀ.”

“ಎರಡೂವರೆ ತಾಸ? ಕಾಲಿಗೆ ಯಾವ ದೇಶದ ಕೆಸರು ಇದು?”

“ಹೊಲದಾಗ ಒಡ್ಡು ಒಡದಿತ್ತ್ರಿ. ನೀರೆಲ್ಲಾ ಸಿದ್ಧ್ಯಾನ ಕಬ್ಬಿಗೆ ಹೊಂಟಿತ್ತು...”

ಮಾತು ಮುಗಿಯುವ ಮೊದಲೇ ಅವನ ಫೋನು ಹೊಡೆದು, ಒಡ್ಡು ಮತ್ತೆ ಬಾಯಿ ಬಿಟ್ಟ ಸುದ್ದಿ ಬಂತು. ಅವನು ಖುರ್ಚಿ ಕೆಳಗಿಟ್ಟು ಓಡಿದ.

ಮೂರು ಗಂಟೆ ಹೊಡೆದಾಗ ಮುಕ್ತಾ ಇಪ್ಪತ್ತೊಂಬತ್ತನೆಯ ಗಂಟಿನ ಗುಂಡಿಗಳನ್ನು ಪೋಣಿಸುತ್ತಿದ್ದಳು. ಶಂಭು ತಾಯಿಯ ತೊಡೆಗೆ ತಲೆ ಕೊಟ್ಟು ಜೋಳದ ಚೀಲದ ಹೊಲಿಗೆಯನ್ನು ಬೆರಳಿನಿಂದ ಎಣಿಸುತ್ತಿದ್ದ. ರಾಜಮಾಬಿ ಬಾಗಿಲು ತೆರೆದು, “ಇಳೀರಿ,” ಎಂದಳು. ಸುನಿತಾ ಎದ್ದಾಗ ಕಾಲು ಜೋಮು ಹಿಡಿದು ಗೋಡೆ ಹಿಡಿದುಕೊಳ್ಳಬೇಕಾಯಿತು.

“ಹುಡುಗ್ರು ಪಾಸು,” ಎಂದಳು ಮಹಾದೇವಕ್ಕ. ಸುಳ್ಳು ಹೇಳುವವಳಲ್ಲ ಆಕೆ. “ಆದ್ರ ಇನ್ನ ಕಾರಿಂದು ಐತಿ. ಅವನ್ನ ಕರೀರಿ.”

“ಅಪ್ಪ ಸಮುದ್ರದಾಗ ಬಿದ್ದಾನಲ್ಲ ಆಯಿ,” ಎಂದಳು ಮುಕ್ತಾ. “ಇನ್ನ ಹ್ಯಾಂಗ ಬರ್ತಾನ?”

ಫೋನು ಹಚ್ಚಿದರು, ಎತ್ತಲಿಲ್ಲ. ಒಡ್ಡು ಕಟ್ಟುವವನ ಕೈಯಲ್ಲಿ ಸಲಿಕೆ ಇರುತ್ತದೆ, ಫೋನಿರುವುದಿಲ್ಲ. ಮಹಾದೇವಕ್ಕ ಕಟ್ಟೆಯ ಮೇಲೆ ಬಂದು ಕೂತು, ಬಿಸಿಲು ಎಲ್ಲಿಗೆ ಬಂತು ನೋಡಿದಳು. ಇಳಿದ ಕೂಡಲೇ ಕಾರು ಎಂದು ಕರಾರಾಗಿತ್ತು. ಸಂಜೆಗೆ ಮಲ್ಲಿಕಾಳ ಫೋನು ಬರುವುದಿತ್ತು.

ಸುನಿತಾ ಒಳಗೆ ಹೋಗಿ ಕಾರಿನ ಕೀಲಿ ತಂದಳು. ಮೂರು ವರ್ಷದ ಹಿಂದೆ ಧಾರವಾಡದಲ್ಲಿ ಇಪ್ಪತ್ತು ದಿನ ಕಲಿತು ಲೈಸೆನ್ಸ್ ತೆಗೆದವಳು. ಆಮೇಲೆ ಪ್ರಭು ಆಕೆಯ ಕೈಗೆ ಕಾರು ಕೊಟ್ಟದ್ದು ಅಂಗಳದಿಂದ ಊರ ಅಗಸಿಬಾಗಿಲ ತನಕ, ಅದೂ ತಾನು ಬಾಜು ಕೂತು, ಕೈಬ್ರೇಕಿನ ಮೇಲೆ ಕೈ ಇಟ್ಟುಕೊಂಡು.

“ನಾ ಓಡಸ್ತೀನಿ. ಕುಂದರ್ರಿ ಅತ್ತಿ.”

ಮಹಾದೇವಕ್ಕ ರಾಜಮಾಬಿಯ ಮುಖ ನೋಡಿದಳು. “ನೀನೂ ಬಾ ರಾಜಮಾ.”

“ನಂದು ವಿಮಾನದ ತನಕ ಅಷ್ಟೇ ಅವ್ವಾ,” ಎಂದು ರಾಜಮಾಬಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮನೆಗೆ ನಡೆದಳು.

ಓಣಿಯಲ್ಲೇ ಕಾರು ಎರಡು ಸಲ ನಿಂತುಹೋಯಿತು. ಗಿರ್ಮಿಟ್ಟು ತಿಂದ ಮಂದಿಯೆಲ್ಲ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. “ಕ್ಲಚ್ ಹಗೂರಕ ಬಿಡ್ರಿ ಅಕ್ಕಾರ,” ಎಂದು ಒಬ್ಬ ಹೇಳಿದ. “ಸುಮ್ಮನಿರಲೇ, ಗಾಬರಿ ಆಗ್ತಾರ,” ಎಂದು ಇನ್ನೊಬ್ಬ ಅದಕ್ಕಿಂತ ಗಟ್ಟಿಯಾಗಿ ಹೇಳಿದ. ಸುನಿತಾ ಹಗುರಕ್ಕೆ ಬಿಟ್ಟಳು. ಕಾರು ಅಗಸಿ ದಾಟಿತು.

ಅಳ್ನಾವರದ ಕಡೆಗೆ ಹೋದಂತೆ ಹೊಲಗಳು ಹಿಂದುಳಿದು ಸಾಗವಾನಿಯ ಅಡವಿ ಸುರುವಾಗುತ್ತದೆ, ರಸ್ತೆ ಹಾವಿನಂತೆ ತಿರುಗುತ್ತದೆ. ಹಿಂದಿನ ಸೀಟಿನಲ್ಲಿ ಎರಡೂ ಮಕ್ಕಳ ನಡುವೆ ಕೂತ ಮಹಾದೇವಕ್ಕ ಮಡಿಲಲ್ಲಿ ನಾಲ್ಕು ಪ್ಲಾಸ್ಟಿಕ್ ಚೀಲ, ಒಂದು ಲಿಂಬೆಹಣ್ಣು, ಒಂದು ಹಳೆಯ ಧೋತರದ ತುಂಡು ಸಜ್ಜು ಮಾಡಿಕೊಂಡಿದ್ದಳು. ಮೊದಲ ತಿರುವು ಬಂದಾಗ ಚೀಲದ ಬಾಯಿ ತೆಗೆದು ಹಿಡಿದಳು. ತಿರುವು ಹೋಯಿತು. ಎರಡನೆಯದಕ್ಕೂ ಹಿಡಿದಳು. ಅದೂ ಹೋಯಿತು. ಸುನಿತಾ ತಿರುವು ಕಾಣುವ ಮೊದಲೇ ವೇಗ ಇಳಿಸುತ್ತಿದ್ದಳು. ಹಿಂದಿನಿಂದ ಬಂದ ಟ್ರಕ್ಕು, ಬಸ್ಸು, ಕೊನೆಗೆ ಕಟ್ಟಿಗೆ ಹೇರಿದ ಒಂದು ಟಂಟಂ ರಿಕ್ಷಾ ಕೂಡ ಹಾರ್ನು ಹೊಡೆದು ಮುಂದೆ ಹೋದವು. ಆಕೆ ಯಾರನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಶಂಭು ಗಿಡದ ಮೇಲಿನ ಮಂಗ್ಯಾಗಳನ್ನು ತೋರಿಸಿ ನಗುತ್ತಿದ್ದ.

ಏಳೆಂಟು ತಿರುವು ಕಳೆದ ಮೇಲೆ ಮುಕ್ತಾ ಅಜ್ಜಿಯ ಕೈಯಲ್ಲಿದ್ದ ಚೀಲ ನೋಡಿ ಕೇಳಿದಳು: “ಆಯಿ, ವಾಂತಿ ಯಾವಾಗ ಮಾಡೂದು?”

“ನಿಮ್ಮಪ್ಪ ಇದ್ದಿದ್ರ ಇಷ್ಟೊತ್ತಿಗೆ ಆಗಿರ್ತಿತ್ತು,” ಎಂದಳು ಮಹಾದೇವಕ್ಕ. ಅಂದ ಮೇಲೆ ತಾನು ಏನಂದೆ ಎಂದು ಅವಳೇ ವಿಚಾರ ಮಾಡಿದಳು. ಪ್ರಭು ಕಾರನ್ನು ಟ್ರ್ಯಾಕ್ಟರಿನಂತೆ ಹೊಡೆಯುತ್ತಾನೆ. ತಿರುವಿನಲ್ಲಿ ಒದ್ದು ಬ್ರೇಕು, ದಾಟಿದ ಕೂಡಲೇ ಒದ್ದು ವೇಗ. ಟ್ರೇಲರಿನಲ್ಲಿರುವುದು ಕಬ್ಬಾದರೆ ಅದು ಏನೂ ಅನ್ನುವುದಿಲ್ಲ. ಆಕೆ ಚೀಲಗಳನ್ನು ಮಡಚಿ ಧೋತರದ ತುಂಡಿನೊಳಗೆ ಇಟ್ಟಳು.

ಅಳ್ನಾವರದಲ್ಲಿ ರೈಲು ಗೇಟು ಹಾಕಿತ್ತು. ಪಕ್ಕದ ಅಂಗಡಿಯಿಂದ ಚಹಾ ತರಿಸಿ, ಕಾರಿನಲ್ಲೇ ಕೂತು ಕುಡಿದರು. ಗಾಡಿ ಬಂದು ಹೋಯಿತು, ಮುಕ್ತಾ ಡಬ್ಬಿ ಎಣಿಸಿದಳು. ಸುನಿತಾಳ ಎರಡೂ ಅಂಗೈ ಬೆವರಿನಿಂದ ಹೊಳೆಯುತ್ತಿದ್ದವು. ಅವಳು ಅವನ್ನು ಸೆರಗಿಗೆ ಒರೆಸಿಕೊಳ್ಳುವುದನ್ನು ಮಹಾದೇವಕ್ಕ ನೋಡಿದಳು.

“ನಿನ್ನ ತಂಗಿ ದೇಶದಾಗ ರಸ್ತೆ ಹಿಂಗ ತಿರುವು ಅದಾವೇನ?”

“ಇದಕ್ಕಿಂತ ಭಾಳ ಅಂತ್ರಿ. ಒಂದು ಬಾಜು ಗುಡ್ಡ, ಒಂದು ಬಾಜು ನೀರು.”

ಮಹಾದೇವಕ್ಕ ಚಹಾದ ಕೊನೆಯ ಗುಟುಕು ಮುಗಿಸಿ, ಲೋಟವನ್ನು ಕಿಟಕಿಯಿಂದ ಅಂಗಡಿಯವನಿಗೆ ಕೊಟ್ಟಳು.

“ಹಂಗಾರ ಅಲ್ಲಿ ಇನ್ನೂ ಹಗೂರಕ ಹೊಡಿ,” ಎಂದಳು.

ಸುನಿತಾ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದಳು. ಅತ್ತೆ ಆಗಲೇ ಮೊಮ್ಮಗನ ಮೂಗು ಒರೆಸುತ್ತಿದ್ದಳು. ಗೇಟು ತೆರೆಯಿತು. ಹಿಂದಿನವರು ಹಾರ್ನು ಹೊಡೆದರೂ ಕಾರು ಒಂದು ಗಳಿಗೆ ಅಲ್ಲೇ ನಿಂತಿತ್ತು. ಆಮೇಲೆ, ಒಂದೂ ಸಲ ಬಂದ್ ಬೀಳದೆ, ತಿರುಗಿಕೊಂಡು ಊರ ದಾರಿ ಹಿಡಿಯಿತು.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದರು. ಪ್ರಭು ಕಟ್ಟೆಯ ಮೇಲೆ ಕೂತಿದ್ದ. ಡ್ರೈವರಿನ ಬಾಗಿಲು ತೆರೆದು ಹೆಂಡತಿ ಇಳಿದದ್ದು ನೋಡಿ ಎದ್ದು ನಿಂತ. ಮೊದಲು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಎಲ್ಲೂ ಗೀರು ಬಿದ್ದಿರಲಿಲ್ಲ. ಹಿಂದಿನ ಸೀಟು ಬಗ್ಗಿ ನೋಡಿದ. ಅದೂ ಒಣಗಿತ್ತು.

“ಅಪ್ಪಾ, ನಾವು ಪಾಸು,” ಎಂದಳು ಮುಕ್ತಾ. “ನೀ ಮುಣಗೀದಿ.”

“ಒಂದೂ ಸಲ ವಾಂತಿ ಆಗ್ಲಿಲ್ಲೇನಬೇ ಯವ್ವಾ?”

“ಇವು ಕಾರಿಗೆ ವಾಂತಿ ಮಾಡ್ತಿರಲಿಲ್ಲೋ ಪ್ರಭ್ಯಾ,” ಎಂದು ತಾಯಿ ಹೇಳಿದಳು. “ನಿನಗ ಮಾಡ್ತಿದ್ವು.”

ಪ್ರಭು ತಲೆ ಕೆರೆದುಕೊಂಡ. ಬಚ್ಚಲಿಗೆ ಹೋಗಿ ಒಂದು ಕೊಡ ನೀರು ತಂದು ಅಂಗಳದಲ್ಲೇ ಕಾಲು ತೊಳೆಯತೊಡಗಿದ. ಅಷ್ಟು ಜೋಪಾನವಾಗಿ ಅವನು ಕಾಲು ತೊಳೆದದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬೆರಳ ಸಂದಿಯ ಕೆಸರನ್ನು ಕಡ್ಡಿಯಿಂದ ತೆಗೆದ.

“ಕರೆಂಟ್ ಹೋಗ್ತಿತ್ತಲ್ಲ,” ಎಂದ, ಯಾರಿಗೆಂದಿಲ್ಲದೆ. “ಅಲ್ಲಿ ಮುಗಿಲಾಗ ಯಾರ ಒದರ್ತಾರ? ಒದರಲಿಲ್ಲಂದ್ರ ನಾ ಏಳೂದಿಲ್ಲ.”

ಅಷ್ಟರಲ್ಲಿ ಸುನಿತಾಳ ಫೋನು ಹೊಡೆಯಿತು. ಅಲ್ಲಿ ನಡುರಾತ್ರಿ ದಾಟಿತ್ತು. ಮಲ್ಲಿಕಾ ರಾತ್ರಿ ಪಾಳಿಯಲ್ಲಿದ್ದಳು, ದನಿ ಸಣ್ಣದು ಮಾಡಿ ಮಾತಾಡುತ್ತಿದ್ದಳು.

“ಏನಾತು ಅಕ್ಕಾ? ಬರ್ತೀರೋ ಇಲ್ಲೋ?”

“ಬರ್ತೀವಿ.”

ಆ ಕಡೆಯಿಂದ ಮೂಗು ಏರಿಸಿದ ಸಪ್ಪಳ. “ಎಷ್ಟು ಟಿಕೀಟು? ಮಾಮಾರೂ ಬರ್ತಾರಲ್ಲ?”

ಸುನಿತಾ ಅತ್ತೆಯ ಕಡೆ ನೋಡಿದಳು. ಮಹಾದೇವಕ್ಕ ಕಂಬಕ್ಕೆ ಬೆನ್ನು ಕೊಟ್ಟು, “ನನ್ನೇನ್ ಕೇಳ್ತೀ? ನನ್ನ ಪರೀಕ್ಷಾ ಮುಗೀತು,” ಎನ್ನುವಂತೆ ಕೈ ತಿರುಗಿಸಿದಳು. ಪ್ರಭು ಕಾಲು ತೊಳೆಯುವುದನ್ನು ನಿಲ್ಲಿಸಿ, ತಂಬಿಗೆಯನ್ನು ಹಾಗೇ ಬಗ್ಗಿಸಿ ಹಿಡಿದಿದ್ದ. ನೀರು ಸುರಿದು ಹೋಗುತ್ತಿತ್ತು.

ಸುನಿತಾಳಿಗೆ ಅವಸರವಿರಲಿಲ್ಲ. ಒಂದು ವಾರದಿಂದ ಇನ್ನೊಬ್ಬರ ಬಾಯಿಯ ಕಡೆ ನೋಡುತ್ತಿದ್ದವಳು, ಈಗ ಅತ್ತೆ, ಗಂಡ, ಮಗಳು ಮೂವರೂ ತನ್ನ ಬಾಯಿಯ ಕಡೆ ನೋಡುವುದನ್ನು ತುಸು ಹೊತ್ತು ನೋಡಿದಳು.

“ನಾಲ್ಕು ತಗಿ,” ಎಂದಳು. “ಆದ್ರ ವ್ಯಾನಿನ ಕಾಗದದಾಗ ಡ್ರೈವರ್ ಅಂತ ನನ್ನ ಹೆಸರು ಹಾಕ್ಸು.”

“ನಂದು ಎರಡನೇದು ಹಾಕ್ಸಂತ ಹೇಳು,” ಎಂದ ಪ್ರಭು ಅಂಗಳದಿಂದ.

“ಎರಡನೇದು ಮಲ್ಲಿಕಾ ಅದಾಳ್ರಿ,” ಎಂದಳು ಸುನಿತಾ, ಫೋನನ್ನು ಕಿವಿಯಿಂದ ಸರಿಸಿ. “ನೀವು ಹಿಂದ, ಹುಡುಗ್ರ ಹಂತ್ಯಾಕ.”